ಲ್ಯಾಪ್‌ಟಾಪಿನಲ್ಲಿ ಅಂಗರಚನೆ ಕಲಿಯಬಹುದೇ?

ಪ್ರಶ್ನೆ: ನನ್ನ ಮಗಳು ಕಾರವಾರದಲ್ಲಿ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದಾಳೆ. ರಜೆಗೆ ಊರಿಗೆ ಬಂದರೂ ಪುಸ್ತಕ ಮುಟ್ಟದೆ, ಲ್ಯಾಪ್‌ಟಾಪಿನಲ್ಲಿ ಮೂರು ಆಯಾಮದ ದೇಹವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂರುತ್ತಾಳೆ. ಅಂಗರಚನಾಶಾಸ್ತ್ರವನ್ನು ಹೀಗೆ ಕಲಿಯಲು ಸಾಧ್ಯವೇ?
– ಅಡಿಕೆ ಬೆಳೆಗಾರರೊಬ್ಬರು, ಶಿರಸಿ

ಉತ್ತರ: ಅರ್ಧ ಸಾಧ್ಯ, ಆ ಅರ್ಧ ಯಾವುದೆಂದು ಅವಳಿಗೆ ತಿಳಿದಿರಬೇಕು. ಯಾವ ನರ ಯಾವ ಸ್ನಾಯುವಿನ ಅಡಿಯಲ್ಲಿ ಹಾಯುತ್ತದೆ ಎಂಬುದನ್ನು ಪುಸ್ತಕದ ಚಪ್ಪಟೆ ಚಿತ್ರಕ್ಕಿಂತ ತಿರುಗಿಸಿ ನೋಡುವ ಚಿತ್ರವೇ ಚೆನ್ನಾಗಿ ತಿಳಿಸುತ್ತದೆ. ಆದರೆ ಅಲ್ಲಿ ಧಮನಿ ಸದಾ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಮೇಜಿನ ಮೇಲಿನ ಶವದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಮಾಸಲು ಬಣ್ಣದಲ್ಲಿ, ಕೊಬ್ಬಿನ ನಡುವೆ ಹುದುಗಿರುತ್ತವೆ. ಧಮನಿಯ ಗೋಡೆ ದಪ್ಪ, ನರ ಹುರಿಯಂತೆ ಗಟ್ಟಿ ಎಂಬುದನ್ನು ಅಲ್ಲಿ ಬೆರಳೇ ಹೇಳಬೇಕು. (ನಿಮ್ಮ ತೋಟಕ್ಕೆ ಬರುವ ಕೊನೆಗೌಡರು ಮರ ಹತ್ತುವುದನ್ನು ವಿಡಿಯೊ ನೋಡಿ ಕಲಿತವರಲ್ಲ.)

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1994ರಲ್ಲಿ, ಒಬ್ಬ ಪುರುಷನ ಶವವನ್ನು ಹೆಪ್ಪುಗಟ್ಟಿಸಿ 1 ಮಿಲಿಮೀಟರಿನಂತೆ ಸವೆಸುತ್ತಾ ತೆಗೆಸಿದ 1,800ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಬಿಡುಗಡೆ ಮಾಡಿತು. ಇಂಥ ಎಷ್ಟೋ ತಂತ್ರಾಂಶಗಳಿಗೆ ಅದೇ ಬುನಾದಿ. ಹೆಪ್ಪುಗಟ್ಟಿಸುವಾಗ ಸಣ್ಣ ರಕ್ತನಾಳಗಳು ಕುಸಿದಿದ್ದವು, ಮಿದುಳು ತುಸು ಊದಿತ್ತು. ಆ ಕುಂದುಗಳನ್ನು ಬದಿಗಿಟ್ಟರೂ ಅದು ಒಬ್ಬನ ದೇಹ. ಮೊಣಕೈ ಬಳಿ ಕವಲೊಡೆಯಬೇಕಾದ ತೋಳಿನ ಧಮನಿ ಕೆಲವರಲ್ಲಿ ಕಂಕುಳ ಸಮೀಪವೇ ಕವಲೊಡೆದಿರುತ್ತದೆ. ಛೇದನಾಲಯದಲ್ಲಿ ನಾಲ್ಕು ಮೇಜು ಸುತ್ತಿ ನೋಡುವವರಿಗೆ ಅಂಥದ್ದು ಕಣ್ಣಿಗೆ ಬೀಳುತ್ತದೆ.

ಕಂಪ್ಯೂಟರು ಗುರುವನ್ನು ಮೀರಿಸುವ ಜಾಗವೂ ಇದೆ. ನಿಂತ ಹೃದಯಕ್ಕಾಗಿ ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ನಾವು ಕಲಿಯುವಾಗ ‘ಇನ್ನೂ ಒತ್ತು’ ಎಂಬ ಮೇಷ್ಟರ ಗದರಿಕೆಯೇ ಅಳತೆಗೋಲಾಗಿತ್ತು. ಈಗಿನ ಸಂವೇದಕವುಳ್ಳ ಬೊಂಬೆ ಪ್ರತಿ ಒತ್ತಿನ ಆಳವನ್ನೂ ಪರದೆಯಲ್ಲಿ ತೋರಿಸುತ್ತದೆ.

ಕಾಲೇಜು ತೆರೆದ ಮೇಲೆ, ನಾಳೆ ಛೇದಿಸುವ ಭಾಗವನ್ನು ಹಿಂದಿನ ರಾತ್ರಿ ಪರದೆಯಲ್ಲಿ ನೋಡಿಕೊಂಡು ಹೋಗಲಿ. ಛೇದನ ಮುಗಿಸಿ ಬಂದ ಸಂಜೆ ಲ್ಯಾಪ್‌ಟಾಪು ಮುಚ್ಚಿಟ್ಟು, ಕಂಡದ್ದನ್ನು ನೆನಪಿನಿಂದಲೇ ಬಿಳಿ ಹಾಳೆಯಲ್ಲಿ ಬಿಡಿಸಿ, ತಪ್ಪಿದ್ದನ್ನು ಮಾತ್ರ ಮತ್ತೆ ತೆರೆದು ನೋಡಲಿ. ತಿರುಗಿಸುತ್ತಾ ಕೂತಾಗ ಎಲ್ಲ ತಿಳಿದಂತೆಯೇ ಅನ್ನಿಸುತ್ತದೆ; ಹಾಳೆಯ ಮೇಲೆ ಪೆನ್ಸಿಲು ತಡೆದು ನಿಂತಾಗ ಬಣ್ಣ ಬಯಲಾಗುತ್ತದೆ. ಸದ್ಯಕ್ಕೆ, ಒಂದು ಸಂಜೆ ಜಗುಲಿಯಲ್ಲಿ ನಿಮ್ಮ ತೋಳು ಚಾಚಿ, ಕಂಕುಳಿನಿಂದ ಅಂಗೈಯವರೆಗಿನ ನರಗಳ ದಾರಿಯನ್ನು ಬೆರಳಿಟ್ಟು ತೋರಿಸಲು ಹೇಳಿ.