ಮೊದಲು ವೇಳಾಪಟ್ಟಿ, ಆಮೇಲೆ ಭಾಷಣ

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯ ಮುಖ್ಯ ಶಿಕ್ಷಕಿಯಾದ ತಾವು ಬರೆದಿದ್ದೀರಿ: ‘ಚಟುವಟಿಕೆಯ ಮೂಲಕ ಕಲಿಸುವ ತರಬೇತಿಗೆ ಹೋಗಿಬಂದ ಮೇಷ್ಟ್ರುಗಳು ವಾರದೊಳಗೆ ಹಳೇ ಪದ್ಧತಿಗೇ ಮರಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಏನು ಮಾಡಲಿ?’

ಹೇಳುವುದನ್ನು ಬಿಡಿ, ವೇಳಾಪಟ್ಟಿ ತಿದ್ದಿ. 40 ನಿಮಿಷದ ಪೀರಿಯಡ್ಡಿನಲ್ಲಿ ಗುಂಪು ಮಾಡಿ ಸಾಮಾನು ಹಂಚಲು ಹತ್ತು ನಿಮಿಷ, ಎತ್ತಿಡಲು ಐದು ಹೋಗುತ್ತದೆ. ಮಕ್ಕಳು ತಾವು ಕಂಡದ್ದನ್ನು ಮಾತಾಡುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆ ಮಾತೇ ಆಗದಿದ್ದರೆ ಚಟುವಟಿಕೆ ಬರೀ ಗದ್ದಲ. ಮೇಷ್ಟ್ರು ಬೋರ್ಡಿಗೆ ಮರಳುವುದು ಸೋಮಾರಿತನದಿಂದಲ್ಲ. ಎಂಟನೇ ತರಗತಿಯೊಂದಕ್ಕೆ ಮಾತ್ರ, ವಾರಕ್ಕೊಮ್ಮೆ, ಎರಡು ಪೀರಿಯಡ್ ಜೋಡಿಸಿಕೊಡಿ. ಎಸ್ಸೆಸ್ಸೆಲ್ಸಿ ತರಗತಿಯ ತಂಟೆಗೆ ಈಗಲೇ ಹೋಗಬೇಡಿ. ಮಳೆ ರಜೆ ಸರಿದೂಗಿಸಲು ಶನಿವಾರ ಮಧ್ಯಾಹ್ನ ತರಗತಿ ನಡೆಸುತ್ತೀರಲ್ಲ, ಜೋಡಿ ಪೀರಿಯಡ್ಡಿಗೆ ಅದೇ ಹೊತ್ತು. (ಆ ಹೊತ್ತಿನಲ್ಲಿ ನೋಟ್ಸ್ ಬರೆಸಿದರೆ ಯಾರ ತಲೆಗೆ ಹತ್ತುತ್ತದೆ, ಹೇಳಿ?)

ಪಾಠವೂ ನಿಮ್ಮ ಅಂಗಳದಲ್ಲೇ ಸುರಿಯುತ್ತಿದೆ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಲೆಕ್ಕ ಇಡುತ್ತಾರೆ, ಪುಸ್ತಕದಲ್ಲಿರುವುದು ಮಿಲಿಮೀಟರ್. 100 ಸೆಂಟ್ ಒಂದು ಇಂಚು, ಅಂದರೆ 25.4 ಮಿ.ಮೀ. ದಶಮಾಂಶ, ಸರಾಸರಿ, ನಕ್ಷೆ ಎಲ್ಲವೂ ಇದರೊಳಗೇ ಬಂತು. ಮಳೆಮಾಪಕ ಮಾಡಲು ಎರಡು ಲೀಟರಿನ ಬಾಟಲಿಯ ಕತ್ತನ್ನು, ಗೋಡೆ ನೇರವಾಗುವಲ್ಲಿ ಕತ್ತರಿಸಿ, ಆ ತುಂಡನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಮೊದಲ ಅಳತೆ ತಪ್ಪುವುದು ಅಲ್ಲೇ. ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತಿಸಿ, ಸ್ಕೇಲು ಅಂಟಿಸಿ. ಪ್ರತಿ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು, ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಮಕ್ಕಳು ಮನೆಯಲ್ಲಿ, ತೋಟದ ಕೂಲಿ ಲೈನಿನಲ್ಲಿ ಇಟ್ಟರೆ ರಜೆಯಲ್ಲೂ ಲೆಕ್ಕ ತಪ್ಪದು. ಒಬ್ಬಳದು ಉಳಿದವರದಕ್ಕಿಂತ ತೀರಾ ಕಡಿಮೆ ಬಂದರೆ ತಿದ್ದಿಬಿಡಬೇಡಿ; ಸಿಲ್ವರ್ ಮರದ ಕೆಳಗಿಟ್ಟಿದ್ದಾಳೆಂದು ತರಗತಿಯೇ ಪತ್ತೆಹಚ್ಚಲಿ.

ಮೇಷ್ಟ್ರು ಪಾಠ ಶುರುಮಾಡಿದ ಮೊದಲ ಎರಡು ವಾರ ಆ ತರಗತಿಗೆ ಕಾಲಿಡಬೇಡಿ. ಮೂರನೇ ವಾರ ಹಿಂದಿನ ಬೆಂಚಿನಲ್ಲಿ ಕೂತು ಮೇಷ್ಟ್ರನ್ನಲ್ಲ, ನಾಲ್ಕು ಮಕ್ಕಳನ್ನು ನೋಡಿ: ಏನು ಕೇಳಿದರು, ಎಲ್ಲಿ ಸಿಕ್ಕಿಕೊಂಡರು. ಸಂಜೆಯೇ ಹತ್ತು ನಿಮಿಷ ಮಾತಾಡಿ, ಬದಲಿಸಬೇಕಾದ್ದು ಒಂದೇ ಒಂದು ಹೇಳಿ. ಲಾಗ್ ಬುಕ್ಕಿನಲ್ಲಿ ಬರೆದಿರೋ, ಮುಂದಿನ ವಾರದ ಪಾಠ ನಿಮಗಾಗಿ ನಡೆಯುತ್ತದೆ. ವಾಟ್ಸಾಪಿಗೆ ಫೋಟೋ ಕೇಳುವುದಂತೂ ಬೇಡವೇ ಬೇಡ. ಫೋಟೋ ಬರುತ್ತದೆ, ಪಾಠ ಬರುವುದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾದಾಗ ಕಲಿಕೆಯ ಕಾರ್ಡುಗಳನ್ನು ಶಿಕ್ಷಕರೇ ಕೂತು ತಯಾರಿಸಿದ್ದರು. ನಿಮ್ಮಲ್ಲೂ ಮಾಪಕವನ್ನು ಮೇಷ್ಟ್ರುಗಳೇ ಮೊದಲು ಮಾಡಿ ನೋಡಲಿ. ಅವರು ಶುರುಮಾಡುವ ಮುಂಚೆ, ಮೊದಲ ಜೋಡಿ ಪೀರಿಯಡ್ ಮಾತ್ರ ತಾವೇ ತೆಗೆದುಕೊಂಡು, ಕೆಟ್ಟದ್ದೆಲ್ಲಿ ಎಂದು ಸ್ಟಾಫ್ ರೂಮಿನಲ್ಲಿ ತಾವೇ ಹೇಳಿ.

– ಸಂಪಾದಕ