‘ಆ ಪೆನ್ಶನ್ ನಾವೇ ತಿಂದಿದ್ದು’

ಆಗಸ್ಟ್ ಹದಿನೈದು ಕಳೆದ ಮೇಲೆ ಆಪ್ತಸಲಹೆಗೆಂದು ನನ್ನ ಹತ್ತಿರ ಒಂದು ಥರದ ಮನೆಯವರು ಬರುತ್ತಾರೆ. ಅಪ್ಪ ಮಾತು ಬಿಟ್ಟಿದ್ದಾರೆ, ಊಟ ಅರ್ಧಕ್ಕೇ ಬಿಟ್ಟು ಏಳ್ತಾರೆ, ಸುಮ್ನೆ ಸಿಟ್ಟಾಗ್ತಾರೆ ಅಂತ ಮಗನೋ ಸೊಸೆಯೋ ಹೇಳುತ್ತಾರೆ. ಯಾವಾಗಿಂದ ಹೀಗೆ ಅಂತ ಕೇಳುತ್ತಾ ಹೋದರೆ ಮಾತು ಊರಿನ ಶಾಲೆಯಲ್ಲಿ ಬಾವುಟ ಹಾರಿಸಿದ ದಿನಕ್ಕೆ ಬಂದು ನಿಲ್ಲುತ್ತದೆ. ಅವತ್ತು ಮಾಜಿ ಸೈನಿಕರನ್ನು ಕರೆದು ಶಾಲು ಹೊದೆಸಿರುತ್ತಾರೆ. ಇವರನ್ನು ಕರೆದಿರುವುದಿಲ್ಲ.

ಯಾಕೆ ಅಂದರೆ ಇವರಿಗೆ ಪೆನ್ಶನ್ ಇಲ್ಲ. ಪೆನ್ಶನ್ ಇಲ್ಲದ ಮಿಲಿಟರಿಯವನು ಒಂದೋ ಓಡಿ ಬಂದವನು, ಇಲ್ಲಾ ಹೊರಗೆ ಹಾಕಿಸಿಕೊಂಡವನು ಅನ್ನುವುದು ಊರಿನ ಲೆಕ್ಕ. ಈ ಲೆಕ್ಕ ಪೂರ್ತಿ ತಪ್ಪು. ಸಿಪಾಯಿ, ನಾಯಕ್, ಹವಾಲ್ದಾರ್ ದರ್ಜೆಯವರಿಗೆ ಸೇವಾ ಪೆನ್ಶನ್ ಸಿಗಲು ಸಾಮಾನ್ಯವಾಗಿ 15 ವರ್ಷ ಆಗಿರಬೇಕು. ನಾಲ್ಕೋ ಎಂಟೋ ವರ್ಷ ದುಡಿದು, ಮನೆ ಕಷ್ಟ ಹೇಳಿ, ಸರಿಯಾಗಿ ಅರ್ಜಿ ಕೊಟ್ಟು ಬಿಡುಗಡೆಯಾಗಿ ಬಂದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮರ್ಯಾದೆಗೆ ಯಾವ ಕುಂದೂ ಇಲ್ಲ. ಆದರೆ ಇದನ್ನು ಊರಿಗೆ ಹೇಳುವವರು ಯಾರು?

ಇಲ್ಲಿ ಬರೆಯುತ್ತಿರುವ ಹಿರಿಯರ ಮನೆಯವರು ಬರೆಯಿರಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಸಾಗರದ ಕಡೆಯವರು. 1962ರ ಚೀನಾ ಯುದ್ಧ ಮುಗಿದ ಮೇಲೆ ಭರ್ತಿಯಾದ ಹುಡುಗರಲ್ಲಿ ಒಬ್ಬರು. ಊರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಇವರು ಪಂಜಾಬಿನ ಒಂದು ಡಿಪೋದಲ್ಲಿ ಲಾರಿಗಳ ಬಿಡಿಭಾಗ ಎಣಿಸುತ್ತಿದ್ದರು. ಮನೆಯವರನ್ನು ಕಾಡಂಚಿನ ಒಂದು ಜಾಗಕ್ಕೆ ತಂದುಬಿಟ್ಟಿದ್ದರು. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. 1967ರಲ್ಲಿ ಇವರು ಕೆಲಸ ಬಿಟ್ಟು ಬಂದರು. ಆ ಜಮೀನಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಆ ಕಥೆ ಇಲ್ಲಿ ತೆಗೆದರೆ ಮುಗಿಯುವುದಿಲ್ಲ, ಬಿಡಿ.

ಕರೆದುಕೊಂಡು ಬಂದದ್ದು ಮಗ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಅಪ್ಪನ ಮೇಲೆ ಪ್ರೀತಿ ಇರುವವರು. ಮೊದಲ ಸಲ ಹಿರಿಯರು ಬಾಯಿ ಬಿಡಲಿಲ್ಲ. ಬಿಪಿ, ಶುಗರ್, ಕಿವಿ ತೋರಿಸಿಕೊಂಡು ಬನ್ನಿ ಎಂದು ಕಳಿಸಿದೆ. ಎಂಬತ್ತು ದಾಟಿದವರು ಮಾತು ಬಿಟ್ಟರೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬಾರದು. ಕಿವಿ ಸ್ವಲ್ಪ ಮಂದ ಅಂದರು, ಅಷ್ಟೇ.

ಎರಡನೇ ಸಲ ಮಗ ಒಂದು ಪತ್ರ ತೋರಿಸಿದರು. ಏನಾದರೂ ಸೌಲಭ್ಯ ಸಿಗುತ್ತದಾ ನೋಡೋಣ ಅಂತ ಹಿಂದೆ ಅಪ್ಪನ ದಾಖಲೆ ಕೇಳಿ ಬರೆದಿದ್ದರಂತೆ. ಅವಧಿ ಮುಗಿದದ್ದರಿಂದ ಸೇವಾ ದಾಖಲೆಗಳನ್ನು ನಾಶ ಮಾಡಲಾಗಿದೆ ಎಂದು ಉತ್ತರ ಬಂದಿತ್ತು. ಮಗ ಅದನ್ನು ಊಟದ ಹೊತ್ತಲ್ಲಿ ಎಲ್ಲರ ಮುಂದೆ ಓದಿದ್ದರು. ‘ನಿಮ್ಮ ಫೈಲೇ ಇಲ್ವಂತೆ ಅಪ್ಪಾ, ಸುಟ್ಟು ಹಾಕಿದಾರಂತೆ’ ಅಂದಿದ್ದರು.

ಆ ಪತ್ರದಲ್ಲಿ ಸುಳ್ಳಿರಲಿಲ್ಲ. ಪೆನ್ಶನ್ ಇಲ್ಲದೆ ಹೊರಬಂದವರ ಕಡತವನ್ನು ಸೇನೆ 25 ವರ್ಷ ಇಟ್ಟುಕೊಂಡು ಆಮೇಲೆ ವಿಲೇವಾರಿ ಮಾಡುತ್ತದೆ. ಎಲ್ಲರಿಗೂ ಅದೇ ನಿಯಮ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಇದೆ. ಭರ್ತಿಯಾದವರ ನಂಬರ್, ಹೆಸರು, ಸೇರಿದ ದಿನ, ಬಿಟ್ಟ ದಿನ ಅದರಲ್ಲಿ ಇರುತ್ತದೆ. ಅದನ್ನು ನಾಶ ಮಾಡುವುದಿಲ್ಲ. ಇದನ್ನು ಹಿರಿಯರ ಕಿವಿ ಹತ್ತಿರ ಜೋರಾಗಿ ಹೇಳಿದೆ. ‘ನಿಮ್ಮ ನಂಬರ್ ನೆನಪಿದೆಯಾ?’ ಅಂದೆ. ಒಂದೂ ಅಂಕಿ ತಡವರಿಸದೆ ಹೇಳಿದರು. ಇವರೆಲ್ಲ ಹಾಗೇ. ಮಕ್ಕಳ ಹುಟ್ಟಿದ ದಿನ ಮರೆತಿರುತ್ತಾರೆ, ಇದೊಂದನ್ನು ಮರೆತಿರುವುದಿಲ್ಲ.

ಆದರೂ ಅರ್ಜಿ ಹಾಕೋಣ ಅಂದರೆ ಬೇಡ ಎಂದು ತಲೆಯಾಡಿಸಿದರು.

ಮುಂದಿನ ಸಲ ಅವರ ತಂಗಿಯೂ ಜೊತೆಗೆ ಬಂದರು. ಎಪ್ಪತ್ತೈದರ ಹೆಂಗಸು, ಕವಳದ ಚೀಲ ಸೊಂಟದಲ್ಲಿ. ಪೇಟೆಯಲ್ಲಿ ಏನೋ ಕೆಲಸವಿತ್ತು, ಹಾಗೇ ಬಂದೆ ಅಂದರು. ಮಗ ಎಂದಿನಂತೆ ಶುರು ಮಾಡಿದರು. ‘ಇನ್ನೊಂದು ಹತ್ತು ವರ್ಷ ಅಲ್ಲೇ ಇದ್ದಿದ್ರೆ ಪೆನ್ಶನ್ ಬರ್ತಿತ್ತು, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನು ಎಲ್ಲಾ ಇರ್ತಿತ್ತು. ನಮ್ಗೂ ಹೀಗೆ ಒದ್ದಾಡೋದು ಇರ್ತಿರ್ಲಿಲ್ಲ.’ ಬೈಗುಳದ ದನಿಯಲ್ಲೇನೂ ಹೇಳಲಿಲ್ಲ. ಹೇಳಿ ಹೇಳಿ ರೂಢಿಯಾದ ಮಾತು. ಹಿರಿಯರು ಕಿಟಕಿಯ ಕಡೆ ತಿರುಗಿ ಕೂತರು.

ತಂಗಿ ಬಾಯಲ್ಲಿದ್ದ ಎಲೆಯಡಿಕೆ ಒಂದು ಬದಿಗೆ ತಳ್ಳಿಕೊಂಡರು. ‘ಎಷ್ಟು ವರ್ಷದಿಂದ ಇದನ್ನೇ ಹೇಳ್ತಿದೀಯೋ ಮಾರಾಯಾ ನೀನು? ನಿಮ್ಮಪ್ಪನ ಪೆನ್ಶನ್ ಎಲ್ಲೂ ಹೋಗ್ಲಿಲ್ಲ. ನಾವೇ ತಿಂದಿದ್ದು. ನಾನು, ನಿಮ್ಮಜ್ಜಿ, ನಿನ್ನ ಚಿಕ್ಕಪ್ಪ. ಅಪ್ಪಯ್ಯ ಸತ್ತಾಗ ಮನೇಲಿ ಗಂಡಸು ಅಂದ್ರೆ ಏಳು ವರ್ಷದ ನಿನ್ನ ಚಿಕ್ಕಪ್ಪ. ಮಳೆಗಾಲಕ್ಕೆ ಮೇಲೆ ಮಾಡೇ ಇರ್ಲಿಲ್ಲ. ಇವ ಬಂದು ಸೋಗೆ ಹೊದೆಸಿದ, ಗದ್ದೆ ಕಡಿದ, ನನ್ನ ಮದ್ವೆ ಮಾಡ್ದ. ಬರ್ದೇ ಹೋಗಿದ್ರೆ ನಾವಿರ್ತಿರ್ಲಿಲ್ಲ.’

ಮಗ ಏನೂ ಹೇಳಲಿಲ್ಲ. ಹಿರಿಯರು ತಂಗಿಯ ಮುಖ ನೋಡಿ, ‘ಅದೆಲ್ಲ ಈಗ ಯಾಕೆ?’ ಅಂದರು. ನನ್ನ ಕೋಣೆಯಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು. ಆಮೇಲೆ ನನ್ನ ಕಡೆ ತಿರುಗಿದರು. ‘ನಾನು ಗುಂಡು ಹಾರಿಸ್ಲಿಲ್ಲ. ನಟ್ಟು ಬೋಲ್ಟು ಎಣಿಸ್ದೆ. ಅದನ್ನ ಮಿಲಿಟರಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ.’

ಅವರಿಗೆ 1965ರ ರಕ್ಷಾ ಪದಕದ ಬಗ್ಗೆ ಹೇಳಿದೆ. ಆ ವರ್ಷದ ಆಗಸ್ಟ್ 5ರಂದು ಸೇನೆಯಲ್ಲಿದ್ದು, 180 ದಿನ ಸೇವೆ ಮಾಡಿದವರಿಗೆ ಅದು ಸಲ್ಲುತ್ತದೆ. ಗಡಿಯಲ್ಲೇ ಇರಬೇಕೆಂದಿಲ್ಲ. ಲಾರಿ ಓಡದೆ ಯಾವ ತುಕಡಿಯೂ ಗಡಿ ಮುಟ್ಟುವುದಿಲ್ಲ ಅನ್ನುವುದು ಸರ್ಕಾರಕ್ಕೂ ಗೊತ್ತಿತ್ತು. ಇವರ ಪದಕವನ್ನು ಅಂಚೆಗೆ ಹಾಕಿದ್ದರೂ ಯಾವ ಊರಿಗೆ ಬರಬೇಕಿತ್ತು? ಬಿಡುಗಡೆಯಾಗುವಾಗ ಸೇನೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿದ್ದ ವಿಳಾಸ ನೀರಿನಡಿ ಇದೆ.

ನನ್ನ ಸಲಹೆ ಎರಡು. ಮೊದಲನೆಯದು ಮಗನಿಗೆ: ‘ಇನ್ನೊಂದು ಹತ್ತು ವರ್ಷ’ ಅನ್ನುವ ಮಾತು ಮನೆಯಲ್ಲಿ ಇವತ್ತಿಗೆ ನಿಲ್ಲಬೇಕು. ತಮಾಷೆಗೂ ಬೇಡ, ನೆಂಟರ ಮುಂದಂತೂ ಬೇಡವೇ ಬೇಡ. ಎರಡನೆಯದು ಕೆಲಸದ ಕ್ರಮದ ಬಗ್ಗೆ. ಮೊದಲು ರೆಕಾರ್ಡ್ಸ್ ಆಫೀಸಿನಿಂದ ಲಾಂಗ್ ರೋಲ್ ಆಧಾರದ ದೃಢೀಕರಣ. ಅದರ ಮೇಲೆ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿ, ಆಮೇಲೆ ಪದಕ. ಹಣದ ಅರ್ಜಿ ಕೊನೆಗೆ.

ಈ ಕ್ರಮವನ್ನು ಒಪ್ಪದವರಿದ್ದಾರೆ. ನನಗೆ ಪರಿಚಯದ ನಿವೃತ್ತ ಸುಬೇದಾರರೊಬ್ಬರು ನೇರವಾಗಿಯೇ ಹೇಳಿದರು: ಪೆನ್ಶನ್ ಇಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಬಡ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯುರಿ ಗ್ರಾಂಟ್, ಅಂದರೆ ಕಡುಬಡವರಿಗೆ ಕೊಡುವ ನೆರವಿನ ಹಣ, ಇದೆ. ತಿಂಗಳಿಗೆ 4,000 ಇದ್ದದ್ದು 2025ರ ನವೆಂಬರಿನಿಂದ 8,000 ರೂಪಾಯಿ ಆಗಿದೆ. ಎಂಬತ್ತು ದಾಟಿದವರನ್ನು ಪದಕ ಪದಕ ಅಂತ ಕಾಯಿಸ್ತೀರಲ್ಲ, ಇದು ಎಂಥಾ ಸಲಹೆ? ಮಾತು ನ್ಯಾಯವಾದದ್ದೇ. ಹಣ ಬೇಡ ಅಂತ ನಾನೂ ಹೇಳುತ್ತಿಲ್ಲ. ಆದರೆ ಆ ಅರ್ಜಿಯಲ್ಲಿ ನಾನು ಗತಿಯಿಲ್ಲದವನು ಅಂತ ಒಪ್ಪಿ ಸಹಿ ಹಾಕಬೇಕು. ನೀನು ಸೈನಿಕನೇ ಅಲ್ಲ ಅಂತ ಐವತ್ತು ವರ್ಷ ಕೇಳಿಸಿಕೊಂಡವರ ಕೈಗೆ ಮೊದಲ ಕಾಗದವಾಗಿ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಕೊಟ್ಟ ಮನೆಗಳನ್ನು ನೋಡಿದ್ದೇನೆ. ಅಪ್ಪ ಸಹಿ ಹಾಕುವುದಿಲ್ಲ, ಮಗ ಹಟಮಾರಿ ಅನ್ನುತ್ತಾನೆ, ಜಗಳ ಮತ್ತೆ ಮೊದಲಿಂದ.

ಇದು ಆಪ್ತಸಲಹೆಗಾರರ ಕೆಲಸವಾ ಅಂತ ನನ್ನ ವೃತ್ತಿಯವರೇ ಕೇಳಿದ್ದಾರೆ. ಕಾಗದಪತ್ರಕ್ಕೆ ಏಜೆಂಟರಿದ್ದಾರೆ, ನೀವು ಮನಸ್ಸು ನೋಡಿ ಅನ್ನುತ್ತಾರೆ. ಈ ಮನೆಯಲ್ಲಿ ಮನಸ್ಸಿನ ಗಂಟು ಬಿದ್ದದ್ದೇ ಕಾಗದದಿಂದ. ಆ ಉತ್ತರ ಪತ್ರದ ನಿಜವಾದ ಅರ್ಥ ಹೇಳದೆ ನಾನು ವಾರವಾರ ಅವರನ್ನು ಕೂರಿಸಿಕೊಂಡು ಏನು ಮಾತಾಡಬೇಕಿತ್ತು?

ಇದನ್ನು ಓದುವ ಮನೆಗಳಿಗೆ ಇನ್ನೊಂದು ಮಾತು. ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್ಕನ್ನು ಹಿರಿಯರು ಇರುವಾಗಲೇ ತೆಗೆಸಿ ನೋಡಿ. ಹೆಸರು ಆಧಾರ್‌ನಲ್ಲಿ ಒಂದು, ಬುಕ್ಕಿನಲ್ಲಿ ಒಂದು ಇರುವುದು ನಮ್ಮ ಕಡೆ ಮಾಮೂಲು. ಬಿಡುಗಡೆಯ ಕಾರಣ, ದಿನಾಂಕ ಎರಡೂ ಮುಖ್ಯ, ಯಾಕಂದರೆ ಮಾಜಿ ಸೈನಿಕ ಯಾರು ಅನ್ನುವ ನಿಯಮ ಬಿಟ್ಟುಬಂದ ಕಾಲಕ್ಕೆ ತಕ್ಕಂತೆ ಬೇರೆ ಬೇರೆ. 1968ರ ಜುಲೈಗೆ ಮೊದಲು ಬಂದ ಇವರಿಗೆ ತೊಡಕಾಗಲಿಲ್ಲ. ರೆಕಾರ್ಡ್ಸ್ ಆಫೀಸ್ ರೆಜಿಮೆಂಟಿಗೊಂದು: ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಎಂಇಜಿಯದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿ. ಪೆನ್ಶನ್ ಬರುವವರ ಮನೆಯಲ್ಲೂ ಪಿಪಿಒದಲ್ಲಿ (ಪೆನ್ಶನ್ ಮಂಜೂರಾತಿ ಪತ್ರ) ಹೆಂಡತಿಯ ಹೆಸರು, ಹುಟ್ಟಿದ ದಿನ ಸರಿ ಇದೆಯಾ ನೋಡಿ. ಇಲ್ಲದಿದ್ದರೆ ಅವರು ಹೋದ ಮೇಲೆ ಆ ತಾಯಿ ಕುಟುಂಬ ಪೆನ್ಶನ್‌ಗೆ ಅಲೆಯಬೇಕಾಗುತ್ತದೆ. ಈಗ ಎಲ್ಲವೂ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ, ತಪ್ಪಿದ್ದರೆ ಈಗಲೇ ತಿದ್ದಿಸಿ.

ಇವರಿಗೆ ಲಾಂಗ್ ರೋಲ್ ದೃಢೀಕರಣ ಬಂತು, ಗುರುತಿನ ಚೀಟಿಯೂ ಆಯಿತು. ಪದಕ ಇನ್ನೂ ಬಂದಿಲ್ಲ. ಊಟ, ಮಾತು ಎರಡೂ ಸುಮಾರಾಗಿ ಹಾದಿಗೆ ಬಂದಿವೆ. ಗ್ರಾಂಟಿನ ವಿಷಯ ಎತ್ತಿದಾಗ, ‘ಆ ದುಡ್ಡು ತಂಗಿ ಹೆಸರಿಗೆ ಮಾಡೋಕಾಗತ್ತಾ?’ ಎಂದು ಕೇಳಿದರು. ಆಗಲ್ಲ, ನಿಮ್ಮ ಖಾತೆಗೇ ಬರೋದು, ಆಮೇಲೆ ಯಾರಿಗೆ ಕೊಡ್ತೀರೋ ನಿಮ್ಮಿಷ್ಟ ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾರೆ. ಮಗ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡು ಕಾಯುತ್ತಿದ್ದಾರೆ.