ಕೌಟಿಲ್ಯ–ಮೆಕಿಯಾವೆಲ್ಲಿ ಪ್ರಾಜೆಕ್ಟಿಗೆ ‘ಐತಿಹಾಸಿಕ ಹಿನ್ನೆಲೆ’ ಎಷ್ಟು ಪುಟ ಇರಬೇಕು?

ಎಂ.ಎ. ಪ್ರಾಜೆಕ್ಟಿಗೆ ‘ಕೌಟಿಲ್ಯ ಮತ್ತು ಮೆಕಿಯಾವೆಲ್ಲಿ: ಒಂದು ತೌಲನಿಕ ಅಧ್ಯಯನ’ ತಗೊಂಡಿದ್ದೀರಿ. ಸಿನಾಪ್ಸಿಸ್ (ಪ್ರಾಜೆಕ್ಟಿನ ರೂಪರೇಷೆ) ಇನ್ನೂ ಕೊಟ್ಟಿಲ್ಲ. ಹಿನ್ನೆಲೆಗೆ ಹತ್ತು ಪುಟ ಬರೆದು ಆಮೇಲೆ ನೇರ ವಿಚಾರಕ್ಕೆ ಹೋದರೆ ಸಾಕಾ, ಯಾವ ಅನುವಾದ ಕೊಳ್ಳಬೇಕು ಅಂತ ಕೇಳಿದ್ದೀರಿ. ವಿಷಯದ ಹೆಸರು ಓದಿ ನಗು ಬಂತು, ತಪ್ಪು ತಿಳೀಬೇಡಿ. ನನ್ನ ಎಂ.ಫಿಲ್. ಪ್ರಬಂಧದ ಹೆಸರೂ ಹೆಚ್ಚುಕಮ್ಮಿ ಇದೇ ಆಗಿತ್ತು.

ನಾನೂ ಮೊದಲ ಅಧ್ಯಾಯಕ್ಕೆ ‘ಐತಿಹಾಸಿಕ ಹಿನ್ನೆಲೆ’ ಅಂತಲೇ ಹೆಸರಿಟ್ಟಿದ್ದೆ. ಅರ್ಧ ಕೌಟಿಲ್ಯನ ಮೌರ್ಯರು, ಅರ್ಧ ಮೆಕಿಯಾವೆಲ್ಲಿಯ ಊರು, ಇಟಲಿಯ ಫ್ಲಾರೆನ್ಸ್. ಎರಡನೆಯದರಲ್ಲಿ ಇಬ್ಬರ ಜೀವನಚರಿತ್ರೆ. ಮೂರರಲ್ಲಿ ಸಾಮ್ಯ, ನಾಲ್ಕರಲ್ಲಿ ವ್ಯತ್ಯಾಸ, ಐದರಲ್ಲಿ ‘ಇಂದಿನ ಪ್ರಸ್ತುತತೆ’. ಟೈಪ್ ಮಾಡಿಸಿ, ರೆಕ್ಸಿನ್ ಬೈಂಡ್ ಹಾಕಿಸಿ, ಚಿನ್ನದ ಬಣ್ಣದ ಅಕ್ಷರ ಹೊಡೆಸಿ ಕೊಟ್ಟೆ. ನೋಡೋಕೆ ಚೆನ್ನಾಗೇ ಇತ್ತು.

ವೈವಾಗೆ ಹೊರಗಿನಿಂದ ಬಂದ ಪರೀಕ್ಷಕರು ಇತಿಹಾಸ ಓದಿದವರು. ಮೌರ್ಯರ ರಾಜಧಾನಿಯ ಬಗ್ಗೆ ನಾನು ಬರೆದ ಪುಟ ತೆಗೆದು, ಬೆರಳಿಟ್ಟು, ತುಂಬ ಮೆಲ್ಲಗೆ ಕೇಳಿದರು: “ಈ ಕೋಟೆಗೋಡೆ ಯಾವುದರಿಂದ ಕಟ್ಟಿದ್ದು?”

“ಇಟ್ಟಿಗೆ, ಕಲ್ಲು ಸರ್. ಮರದಲ್ಲಿ ಮಾತ್ರ ಕಟ್ಟಬಾರದು, ಅದರಲ್ಲಿ ಬೆಂಕಿ ಹೊಂಚು ಹಾಕಿ ಕೂತಿರುತ್ತದೆ ಅಂತ ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ.”

“ಸರಿ. ಮೆಗಸ್ತನೀಸ್ ಪಾಟಲಿಪುತ್ರದಲ್ಲಿ ಕಂಡ ಗೋಡೆ ಯಾವುದರದ್ದು?”

ಮರದ್ದು. ಮೆಗಸ್ತನೀಸ್ ಅಂದರೆ ಚಂದ್ರಗುಪ್ತನ ಆಸ್ಥಾನಕ್ಕೆ ಬಂದ ಗ್ರೀಕ್ ರಾಯಭಾರಿ. ಅದು ನನಗೆ ಗೊತ್ತಿತ್ತು. 570 ಗೋಪುರ, 64 ಬಾಗಿಲುಗಳ ಮರದ ಗೋಡೆ. ಪಾಟಲಿಪುತ್ರ ಅಂದರೆ ಈಗಿನ ಪಟ್ನಾ, ಅಲ್ಲಿನ ಬುಲಂದಿ ಬಾಗ್‌ನಲ್ಲಿ ಅಗೆದಾಗ ಆ ಮರದ ತೊಲೆಗಳೂ ಸಿಕ್ಕಿವೆ. ಅದನ್ನೂ ನಾನೇ ಬರೆದಿದ್ದೆ, ಅದೇ ಅಧ್ಯಾಯದಲ್ಲಿ, ಬೇರೆ ಪುಟದಲ್ಲಿ. ಚಂದ್ರಗುಪ್ತನ ಮಂತ್ರಿ ಮರದ ಗೋಡೆ ಬೇಡವೇ ಬೇಡ ಅನ್ನುತ್ತಾನೆ, ಚಂದ್ರಗುಪ್ತ ಇರೋದು ಮರದ ಗೋಡೆಯೊಳಗೆ. ಎರಡನ್ನೂ ಬರೆದ ನನಗೆ ಅದು ಹೊಳೆದೇ ಇರಲಿಲ್ಲ.

ಪ್ರಬಂಧ ವಾಪಸ್ ಬಂತು, ತಿದ್ದಿ ಕೊಡಿ ಅಂದರು. ಆ ವರ್ಷ ಒಂದು ಕಾಲೇಜು ಕರೆದಿದ್ದ ಹುದ್ದೆಗೆ ಎಂ.ಫಿಲ್. ಸರ್ಟಿಫಿಕೇಟ್ ಬೇಕಿತ್ತು. ಕೊನೆಯ ದಿನಾಂಕ ಕಣ್ಣೆದುರೇ ದಾಟಿತು.

ಆಗಿದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಂದ್ರೆ ಈ ಕಥೆ ಕೇಳಿದವರೆಲ್ಲ “ಓ, ಒಂದು ಮಾಹಿತಿ ತಪ್ಪಿತ್ತು” ಅಂದುಕೊಳ್ಳುತ್ತಾರೆ. ಅಲ್ಲ. ಮಾಹಿತಿ ಎಲ್ಲ ಸರಿ ಇತ್ತು. ನಾನು ಮೌರ್ಯರ ಆಡಳಿತ ಹೇಗಿತ್ತು ಅನ್ನೋದನ್ನ ಎಲ್ಲಿಂದ ತಗೊಂಡಿದ್ದೆ? ಪಠ್ಯಪುಸ್ತಕದಿಂದ. ಪಠ್ಯಪುಸ್ತಕ ಎಲ್ಲಿಂದ ತಗೊಂಡಿತ್ತು? ಮುಕ್ಕಾಲು ಪಾಲು ಅರ್ಥಶಾಸ್ತ್ರದಿಂದಲೇ. ಅದನ್ನು ‘ಹಿನ್ನೆಲೆ’ ಅಂತ ಮೊದಲ ಅಧ್ಯಾಯದಲ್ಲಿ ಕೂರಿಸಿದೆ. ಆಮೇಲೆ ಮೂರನೇ ಅಧ್ಯಾಯದಲ್ಲಿ, ಅರ್ಥಶಾಸ್ತ್ರ ಹೀಗೆ ಹೇಳಲು ಈ ಹಿನ್ನೆಲೆಯೇ ಕಾರಣ ಅಂತ ವಿವರಿಸಿದೆ. ಬಾವಿಯಿಂದ ನೀರು ಸೇದಿ ಮತ್ತೆ ಅದೇ ಬಾವಿಗೆ ಸುರಿದು, ನೋಡಿ ಎಷ್ಟು ನೀರಿದೆ ಅಂದ ಹಾಗೆ. ಪುಸ್ತಕದ ಹೊರಗಿನ ಒಂದೇ ಒಂದು ಸಾಕ್ಷಿ, ಆ ಮರದ ಗೋಡೆ, ತಾನಾಗಿ ಬಂದು ನಿಂತಾಗಲೂ ಅದನ್ನು ಅಲಂಕಾರಕ್ಕೆ ಬಳಸಿ ಮುಂದೆ ಹೋಗಿದ್ದೆ.

ಅದಕ್ಕೇ ಹತ್ತು ಪುಟದ ಹಿನ್ನೆಲೆ ಬೇಡ. ಇಪ್ಪತ್ತೂ ಬೇಡ. ಆ ಅಧ್ಯಾಯವೇ ಬೇಡ. ಹಿನ್ನೆಲೆ ಮೊದಲು, ವಿಚಾರ ಆಮೇಲೆ ಅನ್ನೋ ಜೋಡಣೆಯಲ್ಲೇ ಎಡವಟ್ಟು ಇದೆ.

ಮೊದಲು ಅರ್ಥಶಾಸ್ತ್ರ ನಮ್ಮ ಕೈಗೆ ಹೇಗೆ ಬಂತು ನೋಡಿ. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥ ಲಿಪಿಯ ಓಲೆಗರಿಯ ಕಟ್ಟನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂದು ಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು ಅದೇನೆಂದು ಗುರುತಿಸಿದರು. 1905ರಿಂದ ಇಂಗ್ಲಿಷ್ ಅನುವಾದದ ತುಣುಕುಗಳು ಬರತೊಡಗಿದವು, 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ತಿ ಅನುವಾದ. ಅದಕ್ಕೆ ಮುಂಚೆ ಈ ಗ್ರಂಥ ಹೆಸರಿನಲ್ಲಿತ್ತು, ಅಲ್ಲಿ ಇಲ್ಲಿ ಉಲ್ಲೇಖಗಳಲ್ಲಿತ್ತು, ಪೂರ್ತಿಯಾಗಿ ಓದಿದ ವಿದ್ವಾಂಸರು ಇರಲಿಲ್ಲ ಅಂತಲೇ ಹೇಳಬೇಕು.

1909 ಅಂದರೆ ಯಾವ ಕಾಲ ನೆನಪಿಸಿಕೊಳ್ಳಿ. ಭಾರತೀಯರಿಗೆ ಅಧ್ಯಾತ್ಮ ಗೊತ್ತು, ರಾಜಕೀಯ ಗೊತ್ತಿಲ್ಲ, ಆಳಿಸಿಕೊಂಡೇ ಬಂದವರು ಅಂತ ಆಳುವವರು ಹೇಳುತ್ತಿದ್ದ ಕಾಲ. ಅಂಥ ಹೊತ್ತಲ್ಲಿ ತೆರಿಗೆ, ಗಣಿ, ಗೂಢಚಾರರು, ತೂಕ–ಅಳತೆ, ಸಂಧಿ–ಯುದ್ಧ ಎಲ್ಲ ಇರೋ ಪುಸ್ತಕ ಸಿಕ್ಕಿದರೆ ಯಾರು ಬಿಡುತ್ತಾರೆ? ಕೆ.ಪಿ. ಜಯಸ್ವಾಲ್‌ರಂಥ ಇತಿಹಾಸಕಾರರು ಅದನ್ನು ಎತ್ತಿ ಹಿಡಿದರು. ಜರ್ಮನಿಯಲ್ಲಿ ಸಂಸ್ಕೃತ ವಿದ್ವಾಂಸ ಯಾಕೋಬಿ ಇದು ಚಂದ್ರಗುಪ್ತನ ಮಂತ್ರಿಯದ್ದೇ ಅಂದರು. ಯೋಲಿ, ವಿಂಟರ್‌ನಿಟ್ಸ್ ಅಲ್ಲವೇ ಅಲ್ಲ ಅಂದರು. 1919ರಲ್ಲಿ ಮ್ಯಾಕ್ಸ್ ವೇಬರ್ ಮ್ಯೂನಿಕ್‌ನ ಉಪನ್ಯಾಸದಲ್ಲಿ, ಇದರ ಮುಂದೆ ಮೆಕಿಯಾವೆಲ್ಲಿಯ ‘ಪ್ರಿನ್ಸ್’ ಏನೂ ಅಲ್ಲ ಅಂದುಬಿಟ್ಟರು. ನೆಹರೂ ಅಹಮದ್‌ನಗರ ಕೋಟೆಯ ಜೈಲಿನಲ್ಲಿ ಕೂತು, ಚಾಣಕ್ಯನನ್ನು (ಕೌಟಿಲ್ಯನ ಇನ್ನೊಂದು ಹೆಸರು) ಭಾರತದ ಮೆಕಿಯಾವೆಲ್ಲಿ ಅನ್ನುತ್ತಾರೆ, ಆದರೆ ಚಾಣಕ್ಯ ಎಲ್ಲ ರೀತಿಯಲ್ಲೂ ಮೆಕಿಯಾವೆಲ್ಲಿಗಿಂತ ದೊಡ್ಡವನು ಅಂತ ಬರೆದರು. ಈ ನೆಹರೂ 1937ರಲ್ಲಿ ತಮ್ಮ ಬಗ್ಗೆ ತಾವೇ ಟೀಕೆ ಬರೆದಾಗ ಇಟ್ಟುಕೊಂಡ ಗುಪ್ತನಾಮವೂ ಚಾಣಕ್ಯ!

ಅಂದರೆ ನಿಮ್ಮ ಪ್ರಾಜೆಕ್ಟಿನ ಹೆಸರು ಸುಮ್ನೆ ಒಂದು ಹೆಸರಲ್ಲ. ಆ ಹೋಲಿಕೆ ಇಪ್ಪತ್ತನೇ ಶತಮಾನದ್ದು. ಯುರೋಪಿನ ಎದುರು ನಮಗೂ ಒಬ್ಬ ಇದ್ದ ಅಂತ ತೋರಿಸಬೇಕಾಗಿದ್ದ ಕಾಲದ್ದು. ಅವರಿಗೆ ಆ ಅಗತ್ಯವಿತ್ತು. ನಿಮಗೆ ಏನಿದೆ?

ಈಗ ಕಾಲದ ಪ್ರಶ್ನೆ. ಅರ್ಥಶಾಸ್ತ್ರದ ಒಳಗೆ ಚಂದ್ರಗುಪ್ತನ ಹೆಸರಿಲ್ಲ, ಪಾಟಲಿಪುತ್ರದ ಹೆಸರಿಲ್ಲ. ನಂದರ ಕೈಯಿಂದ ಭೂಮಿ ಬಿಡಿಸಿದವನೇ ಇದನ್ನು ಬರೆದ ಅನ್ನೋ ಶ್ಲೋಕ ಕೊನೆಯಲ್ಲಿದೆ, ಅದು ಆಮೇಲೆ ಸೇರಿದ್ದು ಅಂತ ಹಲವರ ಮಾತು. ಆ ಪುಸ್ತಕ ಯಾವ ರಾಜನ ಬಗ್ಗೆ ಮಾತಾಡುತ್ತದೋ ಅವನು ದೊಡ್ಡ ಸಾಮ್ರಾಟನಲ್ಲ. ಸುತ್ತ ಹತ್ತಾರು ರಾಜರ ನಡುವೆ ಪಕ್ಕದವನನ್ನು ಕಂಡು ಹೆದರುತ್ತಾ, ಅವನ ಆಚೆಯವನ ಜೊತೆ ಸ್ನೇಹ ಮಾಡುತ್ತಾ ಬದುಕೋ ಮಧ್ಯಮ ಗಾತ್ರದ ರಾಜ. ಹವಳದ ಪಟ್ಟಿಯಲ್ಲಿ ಬರೋ ಒಂದು ಊರನ್ನು ವಿದ್ವಾಂಸರು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಅಂತ ಗುರುತಿಸುತ್ತಾರೆ. ಚೀನಾದ ರೇಷ್ಮೆಯೂ ಬರುತ್ತದೆ. 1971ರಲ್ಲಿ ಟ್ರಾಟ್‌ಮನ್ ಅನ್ನೋ ವಿದ್ವಾಂಸರು ಭಾಷೆಯ ಲೆಕ್ಕ ಹಾಕಿ ಇದು ಒಬ್ಬನ ಕೈಯದಲ್ಲ ಅಂದರು. 2013ರಲ್ಲಿ ಹೊಸ ಅನುವಾದ ಮಾಡಿದ ಒಲಿವೆಲ್ ಕ್ರಿಸ್ತಶಕದ ಮೊದಲ ಶತಮಾನದ ಆಸುಪಾಸಿಗೆ ತಂದು, ಆಮೇಲೂ ಒಮ್ಮೆ ತಿದ್ದುಪಡಿ ಆಗಿದೆ ಅಂದರು. ಗ್ರಂಥವನ್ನು ಸಂಪಾದಿಸಿ ಅನುವಾದಿಸಿದ ಕಾಂಗ್ಲೆ ಮೌರ್ಯರ ಕಾಲದ್ದೇ ಅಂತ ಗಟ್ಟಿಯಾಗಿ ವಾದಿಸಿದ್ದಾರೆ. ಯಾರ ಪಕ್ಷ ಬೇಕಾದರೂ ಹಿಡಿಯಿರಿ, ಆದರೆ ಪಕ್ಷ ಇದೆ ಅನ್ನೋದನ್ನು ಬರೆಯಿರಿ. ಮೌರ್ಯರ ಆಡಳಿತವೇ ಬೇಕಿದ್ದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಿ. ಅಲ್ಲಿನ ಅಶೋಕನ ಶಾಸನ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರಿಂದ (ಹಿರಿಯ ಅಧಿಕಾರಿಗಳಿಂದ) ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಹೋದ ಆದೇಶ. ಅರ್ಥಶಾಸ್ತ್ರದಲ್ಲಿ ಆಡಳಿತದ ಕಂಬಗಳಂತಿರೋ ಸಮಾಹರ್ತೃ (ಕಂದಾಯದ ಮುಖ್ಯಸ್ಥ), ಸನ್ನಿಧಾತೃ (ಖಜಾನೆಯ ಮುಖ್ಯಸ್ಥ) ಅಶೋಕನ ಶಾಸನಗಳಲ್ಲಿ ಕಾಣೋದಿಲ್ಲ.

ಕಾಲ ಗೊತ್ತಾಗದಿದ್ದರೆ ಸಂದರ್ಭ ಹುಡುಕೋದು ಹೇಗೆ ಅಂತ ಕೇಳಬಹುದು. ನನಗೂ ತಿದ್ದಲು ಕೂತಾಗ ತಲೆ ಕೆಟ್ಟಿತ್ತು. ಉತ್ತರ ಪುಸ್ತಕದೊಳಗೇ ಇತ್ತು. ಕೌಟಿಲ್ಯ ಯಾರಿಗೆ ಉತ್ತರ ಕೊಡುತ್ತಿದ್ದಾನೆ ನೋಡಿ.

ಮೊದಲ ಅಧಿಕರಣದಲ್ಲಿ (ಅಂದರೆ ಗ್ರಂಥದ ಮೊದಲ ಭಾಗದಲ್ಲಿ) ರಾಜಪುತ್ರರಿಂದ ರಾಜನಿಗೆ ರಕ್ಷಣೆ ಹೇಗೆ ಅನ್ನೋ ಪ್ರಕರಣವಿದೆ. ಅಲ್ಲಿ ಹಿಂದಿನ ಆಚಾರ್ಯರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಭಾರದ್ವಾಜ ಶುರು ಮಾಡುತ್ತಾನೆ: ರಾಜಪುತ್ರರು ಏಡಿಗಳ ಥರ, ಹೆತ್ತವರನ್ನೇ ತಿನ್ನುತ್ತಾರೆ, ಅಪ್ಪನಿಗೆ ಪ್ರೀತಿ ಹುಟ್ಟೋ ಮೊದಲೇ ಗುಟ್ಟಾಗಿ ಮುಗಿಸಿಬಿಡಬೇಕು. ವಿಶಾಲಾಕ್ಷ ಹೇಳುತ್ತಾನೆ, ಅದು ಕ್ರೌರ್ಯ, ಒಂದು ಕಡೆ ಕೂಡಿಹಾಕಿದರೆ ಸಾಕು. ಪರಾಶರನ ಕಡೆಯವರು ಗಡಿಯ ಕೋಟೆಗೆ ಕಳಿಸಿ ಅಂತಾರೆ. ಪಿಶುನ ಬೇರೆ ಸಾಮಂತನ ಕೋಟೆಗೆ ಅಂತಾನೆ, ಕೌಣಪದಂತ ಅಮ್ಮನ ತವರಿಗೆ ಅಂತಾನೆ. ವಾತವ್ಯಾಧಿಗೆ ಅದೂ ಬೇಡ. ಸುಖದಲ್ಲಿ ಮುಳುಗಿಸಿಬಿಡಿ, ಮೋಜಿನಲ್ಲಿ ಬಿದ್ದ ಮಗ ಅಪ್ಪನ ಮೇಲೆ ಏಳೋದಿಲ್ಲ. ಕೊನೆಗೆ ಕೌಟಿಲ್ಯ: ಇದು ಬದುಕಿದ್ದೂ ಸತ್ತಂತೆ. ಶಿಸ್ತಿಲ್ಲದ ಮಕ್ಕಳಿರೋ ರಾಜಮನೆತನ ಹುಳ ಹಿಡಿದ ಮರದಂತೆ ಮುಟ್ಟಿದರೆ ಮುರಿಯುತ್ತದೆ. ಮಗುವಿಗೆ ಕಲಿಸಿ. ಇನ್ನೊಂದು ಪಂಗಡ, ಹುಡುಗನಿಗೆ ಜೂಜು, ಹೆಂಡದ ಆಸೆ ತೋರಿಸಿ ಪರೀಕ್ಷೆ ಮಾಡಿ ಅನ್ನುತ್ತದೆ. ಅದಕ್ಕೂ ಒಪ್ಪೋದಿಲ್ಲ. ಗೊತ್ತಿಲ್ಲದವನಿಗೆ ಗೊತ್ತು ಮಾಡೋದು ಮಹಾದೋಷ ಅಂತಾನೆ.

ಐದನೇ ಅಧಿಕರಣದಲ್ಲಿ ರಾಜ ಸಾಯುವ ಹೊತ್ತಲ್ಲಿ ಮಂತ್ರಿ ಏನು ಮಾಡಬೇಕು ಅನ್ನೋ ಚರ್ಚೆ. ಭಾರದ್ವಾಜನ ಸಲಹೆ: ರಾಜಕುಮಾರರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ರಾಜ್ಯ ನೀನೇ ತಗೋ. ಕೌಟಿಲ್ಯ ಅದು ಅಧರ್ಮ, ಪ್ರಜೆಗಳು ಸಿಡಿದೇಳುತ್ತಾರೆ, ಯೋಗ್ಯನಾದ ಕುಮಾರನನ್ನು ಕೂರಿಸು ಅಂತಾನೆ.

ಕೌಟಿಲ್ಯ ಸಾಧು ಅಂತ ಹೇಳುತ್ತಿಲ್ಲ. ಇದೇ ಐದನೇ ಅಧಿಕರಣದಲ್ಲಿ ಗುಟ್ಟಾಗಿ ಕೊಲ್ಲಿಸೋ ದಾರಿಗಳಿವೆ. ಖಜಾನೆ ಖಾಲಿಯಾದರೆ ರಾತ್ರೋರಾತ್ರಿ ದೇವರು ಎದ್ದ ಅಂತ ಪವಾಡ ಹುಟ್ಟಿಸಿ ಜಾತ್ರೆ ಮಾಡಿ ದುಡ್ಡು ಎತ್ತೋ ಉಪಾಯವೂ ಇದೆ. ಆದರೆ ಅವನ ಸುತ್ತ ಕೂತವರ ಮಾತು ಕೇಳಿಸಿಕೊಂಡ ಮೇಲೆ, ಅವನು ಹಲವು ಕಡೆ ಅವರಿಗಿಂತ ಮೆತ್ತಗೆ. ತಡೆಯುವವನು ಅವನು.

ಮೆಕಿಯಾವೆಲ್ಲಿ ಉಲ್ಟಾ. 1512ರಲ್ಲಿ, ಹಿಂದೆ ಆಳಿದ್ದ ಮೆಡಿಚಿ ಮನೆತನ ಫ್ಲಾರೆನ್ಸಿಗೆ ವಾಪಸ್ ಬಂತು, ಇವನ ಸರ್ಕಾರಿ ಕೆಲಸ ಹೋಯಿತು. ಮರುವರ್ಷ ಪಿತೂರಿಯ ಅನುಮಾನದಲ್ಲಿ ಹಿಡಿದು, ಕೈ ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಎಳೆದು ಹಿಂಸಿಸಿದರು. ಬಿಡುಗಡೆಯಾಗಿ ಹಳ್ಳಿ ಮನೆ ಸೇರಿ 1513ರಲ್ಲಿ ಬರೆದದ್ದು ‘ಪ್ರಿನ್ಸ್’. ಕೆಲಸ ಕೊಡಿ ಅಂತ ಅದನ್ನು ಅದೇ ಮೆಡಿಚಿಯವರಿಗೆ ಅರ್ಪಿಸಿದ. ಅಚ್ಚಾಗಿದ್ದು ಅವನು ಸತ್ತ ಮೇಲೆ, 1532ರಲ್ಲಿ. ಅದರ ಹದಿನೆಂಟನೇ ಅಧ್ಯಾಯದ ಸಿಂಹ–ನರಿ ಎಲ್ಲರಿಗೂ ಗೊತ್ತು. ಆದರೆ ಸಿಂಹವೂ ನರಿಯೂ ಅವನವಲ್ಲ, ಪ್ರಾಚೀನ ರೋಮಿನ ಲೇಖಕ ಸಿಸೆರೋನವು. ಬಲ ಸಿಂಹದ್ದು, ಮೋಸ ನರಿಯದ್ದು, ಎರಡೂ ಮನುಷ್ಯನಿಗೆ ತಕ್ಕದ್ದಲ್ಲ, ಮೋಸ ಇನ್ನೂ ಹೇಯ ಅಂತ ಸಿಸೆರೋ ಬರೆದಿದ್ದ. ಓದಿದ ಮನೆಯ ಇಟಲಿಯ ಹುಡುಗರು ಅದನ್ನು ಓದಿಯೇ ಬೆಳೆಯುತ್ತಿದ್ದರು. ಅಂಥವರ ಮುಂದೆ ಇವನು, ರಾಜ ಸಿಂಹವೂ ಆಗಬೇಕು, ನರಿಯೂ ಆಗಬೇಕು ಅಂದ. ಸಿಸೆರೋ ಗೊತ್ತಿಲ್ಲದೆ ಓದಿದರೆ ಅದೊಂದು ಜಾಣ ಮಾತು. ಗೊತ್ತಿದ್ದು ಓದಿದರೆ ಮೇಷ್ಟ್ರ ಎದುರೇ ಮೇಷ್ಟ್ರ ಮಾತನ್ನು ತಲೆಕೆಳಗು ಮಾಡಿದ್ದು.

ನನ್ನ ‘ಸಾಮ್ಯ’ದ ಅಧ್ಯಾಯದಲ್ಲಿ, ಇಬ್ಬರೂ ರಾಜಕೀಯವನ್ನು ನೀತಿಯಿಂದ ಬೇರ್ಪಡಿಸಿದರು ಅಂತ ಬರೆದಿದ್ದೆ. ಪರೀಕ್ಷೆಯ ಗೈಡು ಪುಸ್ತಕಗಳಲ್ಲಿ ಈಗಲೂ ಇದೇ ವಾಕ್ಯ ಇರುತ್ತದೆ. ಒಬ್ಬ ತನಗಿಂತ ಕಠಿಣವಾದ ಗುರುಗಳನ್ನು ತಡೆಯುತ್ತಿದ್ದಾನೆ, ಇನ್ನೊಬ್ಬ ತನಗಿಂತ ಸಾತ್ವಿಕವಾದ ಗುರುವನ್ನು ಕೆಣಕುತ್ತಿದ್ದಾನೆ. ಎರಡೂ ಒಂದೇ ಹೇಗಾಗುತ್ತೆ ಹೇಳಿ? ವಾಕ್ಯಗಳನ್ನು ಕಿತ್ತು ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣುತ್ತವೆ, ಅಷ್ಟೇ. ರಾಜಕೀಯ ಚಿಂತನೆಯ ಇತಿಹಾಸಕಾರ ಕ್ವೆಂಟಿನ್ ಸ್ಕಿನ್ನರ್ 1969ರಲ್ಲಿ ಬರೆದ ಒಂದು ಉದ್ದದ ಲೇಖನದ ಜಗಳವೇ ಇದು. ಅದನ್ನು ಹುಡುಕಿ ಓದಿ, ಆದರೆ ಅದರ ಸಾರಾಂಶವನ್ನು ನಿಮ್ಮ ಪ್ರಾಜೆಕ್ಟಿಗೆ ‘ಅಧ್ಯಯನ ವಿಧಾನ’ ಅಂತ ಅಂಟಿಸಬೇಡಿ.

ಹೋಲಿಕೆ ಬಿಟ್ಟುಬಿಡಿ ಅನ್ನೋದೇ ನನ್ನ ಸಲಹೆ. ರಾಜಪುತ್ರರ ಆ ಒಂದು ಪ್ರಕರಣ ಸಾಕು ಪ್ರಾಜೆಕ್ಟಿಗೆ. ಅಥವಾ ಮಂತ್ರಿಗಳನ್ನು ಆರಿಸೋ ಪ್ರಕರಣ. ಅಲ್ಲೂ ಏಳು ಜನ ಒಬ್ಬರ ಮಾತು ಒಬ್ಬರು ಕಡಿಯುತ್ತಾರೆ: ಸಹಪಾಠಿಗಳು ಸರಿ, ಇಲ್ಲ ಆಟ ಆಡಿದವರಿಗೆ ಗೌರವ ಇರಲ್ಲ, ಅಪ್ಪನ ಕಾಲದವರು ಸರಿ, ಇಲ್ಲ ಅವರು ಎಲ್ಲ ತಮ್ಮ ಕೈಗೆ ತಗೋತಾರೆ, ಹೀಗೆ. ಓದೋಕೆ ಮಜಾ ಇದೆ. ಇತಿಹಾಸದ ಕಡೆ ಒಲವಿದ್ದರೆ 1909ರಿಂದ 1947ರವರೆಗೆ ಈ ಪುಸ್ತಕವನ್ನು ಯಾರು ಯಾತಕ್ಕೆ ಓದಿದರು ಅಂತ ಮಾಡಿ. ಅದು ನಿಜವಾದ ರಾಜಕೀಯ ಚಿಂತನೆಯ ವಿಷಯ.

ಪುಸ್ತಕ ಕೊಳ್ಳೋದಕ್ಕೆ ಅವಸರ ಬೇಡ. ಶಾಮಾಶಾಸ್ತ್ರಿಗಳ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ದಾರಿ ತೋರಿಸಿದವರ ಕೆಲಸ ಅಂತ ಗೌರವದಿಂದ ಓದಿ, ಆದರೆ ಅದೊಂದನ್ನೇ ನಂಬಬೇಡಿ. ಆಮೇಲೆ ಬೇರೆ ಪ್ರತಿಗಳು ಸಿಕ್ಕಿ ಪಾಠ ಎಷ್ಟೋ ತಿದ್ದಿಕೊಂಡಿದೆ. ಕಾಂಗ್ಲೆಯ ಮೂರು ಸಂಪುಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ. ದುಡ್ಡಿದ್ದರೆ ಒಲಿವೆಲ್ ಅನುವಾದ ಕೊಳ್ಳಿ. ‘ಚಾಣಕ್ಯ ನೀತಿ’ ಅಂತ ವಾಟ್ಸಾಪಿನಲ್ಲಿ ಬರೋದೆಲ್ಲ ಬೇರೆ ಸುಭಾಷಿತಗಳ ಸಂಗ್ರಹದ್ದು, ಅದನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ನಿಮ್ಮ ಮಾರ್ಗದರ್ಶಕರು ವಿಷಯ ಬದಲಿಸಲು ಒಪ್ಪದೇ ಇರಬಹುದು, ನನ್ನವರೂ ಒಪ್ಪಿರಲಿಲ್ಲ. ಆಗ ಹೆಸರು ಹಾಗೇ ಇರಲಿ, ಕೆಳಗೆ ‘ರಾಜಪುತ್ರ ಪ್ರಕರಣ ಮತ್ತು ಪ್ರಿನ್ಸ್‌ನ ಹದಿನೆಂಟನೇ ಅಧ್ಯಾಯವನ್ನು ಆಧರಿಸಿ’ ಅಂತ ಒಂದು ಉಪಶೀರ್ಷಿಕೆ ಸೇರಿಸಿಕೊಳ್ಳಿ. ಅಷ್ಟಕ್ಕೆ ಯಾರೂ ತಕರಾರು ಮಾಡೋದಿಲ್ಲ. ಆದರೆ ಸಿನಾಪ್ಸಿಸ್ ಕೊಡುವ ಮುಂಚೆ ಮಾಡಿ, ಆಮೇಲೆ ಒಂದು ಅಕ್ಷರ ಬದಲಿಸಬೇಕಾದರೂ ಅರ್ಜಿ, ಸಹಿ, ಫೀಸು ಅಂತ ಆಫೀಸು ಸುತ್ತಬೇಕಾಗುತ್ತದೆ.